ಕಿರುಚದೆ ಲೈನ್ ನಡೆಸಲು ಆಗುತ್ತದೆಯೇ?

ಪ್ರಶ್ನೆ: ತುಮಕೂರು ರಸ್ತೆಯ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದೆ. ಈಗ ಏಳು ತಿಂಗಳಿಂದ ಸೂಪರ್‌ವೈಸರ್. ನನ್ನ ಲೈನಿನಲ್ಲಿ 38 ಟೈಲರ್‌ಗಳು, ಹೊಲಿಯೋದು ಶರ್ಟ್, ಗಂಟೆಗೆ 90 ಪೀಸ್ ಟಾರ್ಗೆಟ್. ದಿನಾ ನಾಲ್ಕು ಜನವಾದರೂ ರಜ. 11 ಗಂಟೆಗೆ ಬೋರ್ಡ್ ನೋಡಿ ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರೆದುರು ಬೈತಾರೆ. ಆ ಸಿಟ್ಟನ್ನ ನಾನು ಲೈನಿಗೆ ಬಂದು ತೀರಿಸಿಕೊಳ್ತೀನಿ. ಹೋದ ತಿಂಗಳು ಕಾಲರ್ ಕೂರಿಸೋ ನನ್ನ ಹಳೇ ಗೆಳತಿಗೆ "ಕೈಗೆ ಲಕ್ವ ಹೊಡೆದಿದೆಯಾ ನಿಂಗೆ" ಅಂದುಬಿಟ್ಟೆ. ಅವಳು ಅತ್ತಳು. ಅವತ್ತಿಂದ ಮಾತಿಲ್ಲ, ಊಟಕ್ಕೂ ಬೇರೆ ಕಡೆ ಕೂರ್ತಾಳೆ. ಎಚ್.ಆರ್. ಕಡೆಯಿಂದ ಎಮೋಷನಲ್ ಇಂಟೆಲಿಜೆನ್ಸ್ ಅಂತ ಒಂದು ದಿನ ಟ್ರೈನಿಂಗ್ ಆಯ್ತು. ನಗುನಗುತ್ತಾ ಮಾತಾಡಿ, ಉಸಿರು ಎಳೆದು ಬಿಡಿ ಅಂದರು. ಎರಡು ದಿನ ಹಾಗೇ ಮಾಡಿದೆ, ಪ್ರೊಡಕ್ಷನ್ ಇನ್ನೂ ಬಿತ್ತು. "ಮೆತ್ತಗಾದ್ರೆ ತಲೆ ಮೇಲೆ ಕೂರ್ತಾರೆ" ಅಂತಾರೆ ಮ್ಯಾನೇಜರ್. ಇದೆಲ್ಲ ಎ.ಸಿ. ಆಫೀಸಿನವರಿಗೆ ಮಾಡಿರೋದಾ? ನಾನು ವಾಪಸ್ ಟೈಲರ್ ಆಗಿಬಿಡಲಾ? ಮನೆಯಲ್ಲೂ ನನ್ನ ದನಿ ಇಳಿಯಲ್ಲ. ಒಂಬತ್ತು ವರ್ಷದ ಮಗಳು "ಅಮ್ಮಾ, ಇದು ಫ್ಯಾಕ್ಟರಿ ಅಲ್ಲ" ಅಂತಾಳೆ.

ಉತ್ತರ: ಕಿರುಚದೆ ಲೈನ್ ನಡೆಸಬಹುದು. ಬರೀ ನಗುವಿನಿಂದ ಆಗುವುದಿಲ್ಲ, ಎರಡು ದಿನದಲ್ಲಂತೂ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಗಂಟುಗಳಿವೆ. ಹಾಜರಾತಿಗೆ ಹೊಂದದ ಟಾರ್ಗೆಟ್ ಒಂದು. ಮೇಲಿನವರ ಬೈಗುಳ ನಿಮ್ಮ ಬಾಯಿಂದ ಕೆಳಗಿನವರಿಗೆ ಇಳಿಯುತ್ತಿರುವುದು ಇನ್ನೊಂದು. ಒಂದು ಸ್ನೇಹಕ್ಕೆ ಬಿದ್ದ ಪೆಟ್ಟು ಮೂರನೆಯದು. ಮೂರನ್ನೂ ಕೂಡಿಸಿ ನೀವು "ನನ್ನ ಸ್ವಭಾವವೇ ಸರಿಯಿಲ್ಲ, ಈ ಕೆಲಸಕ್ಕೆ ನಾನು ಲಾಯಕ್ಕಲ್ಲ" ಎಂಬಲ್ಲಿಗೆ ಬಂದಿದ್ದೀರಿ. ಪತ್ರದಲ್ಲಿ ಹಾಗೆ ಬರೆದಿಲ್ಲವಾದರೂ ವಾಪಸ್ ಟೈಲರ್ ಆಗುವ ಮಾತಿನ ಹಿಂದೆ ಇರುವುದು ಅದೇ. ಗಂಟುಗಳನ್ನು ಬಿಡಿಬಿಡಿಯಾಗಿ ಬಿಚ್ಚಿದರೆ ಹಾಗೆ ಅನ್ನಿಸುವುದಿಲ್ಲ.

ಮೊದಲು ಆ ಟ್ರೈನಿಂಗಿನ ವಿಷಯ. ಎಮೋಷನಲ್ ಇಂಟೆಲಿಜೆನ್ಸ್, ಅಂದರೆ ಭಾವನೆಗಳ ವಿಷಯದಲ್ಲಿರುವ ಜಾಣತನ. ಇದನ್ನು 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಒಂದು ಸಾಮರ್ಥ್ಯ ಎಂದು ವಿವರಿಸಿದರು. ಮುಂದೆ ಅದನ್ನು ನಾಲ್ಕು ಭಾಗ ಮಾಡಿದರು: ತನ್ನ ಮತ್ತು ಎದುರಿನವರ ಭಾವನೆ ಗುರುತಿಸುವುದು, ಅದನ್ನು ಯೋಚನೆಗೆ ಬಳಸಿಕೊಳ್ಳುವುದು, ಅದು ಎಲ್ಲಿಂದ ಬಂತು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದು, ಕೊನೆಗೆ ಅದನ್ನು ನಿಭಾಯಿಸುವುದು. ಈ ನಾಲ್ಕರಲ್ಲಿ ನಗುಮುಖ ಎಲ್ಲೂ ಇಲ್ಲ. ಮೆತ್ತಗಿರುವುದೂ ಇಲ್ಲ. ಒಂದು ದಿನದ ತರಬೇತಿಯವರು ಸಾಮಾನ್ಯವಾಗಿ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದನ್ನು ಮಾತ್ರ, ಅದನ್ನೂ ಅರ್ಧಂಬರ್ಧ, ಹೇಳಿಕೊಟ್ಟು ಹೋಗುತ್ತಾರೆ.

"ಜೀವನದ ಯಶಸ್ಸಿನಲ್ಲಿ ಶೇ 80 ಪಾಲು ಇದರದ್ದೇ" ಎಂಬ ಮಾತನ್ನೂ ನೀವು ಅಲ್ಲಿ ಕೇಳಿರಬಹುದು. ಅದು 1995ರಲ್ಲಿ ಡೇನಿಯಲ್ ಗೋಲ್ಮನ್ ಬರೆದ ಜನಪ್ರಿಯ ಪುಸ್ತಕದ ಒಂದು ಮಾತನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ್ದು. ಐ.ಕ್ಯು., ಅಂದರೆ ಬುದ್ಧಿಶಕ್ತಿಯ ಅಳತೆ, ಹೆಚ್ಚೆಂದರೆ ಶೇ 20ರಷ್ಟನ್ನು ವಿವರಿಸುತ್ತದೆ, ಉಳಿದದ್ದು ಬೇರೆ ಸಂಗತಿಗಳು ಎಂದಿದ್ದರು ಅವರು. ಹುಟ್ಟಿದ ಮನೆ, ಅದೃಷ್ಟ ಎಲ್ಲವೂ ಆ "ಬೇರೆ"ಯಲ್ಲಿ ಸೇರಿವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಜೋಸೆಫ್ ಮತ್ತು ನ್ಯೂಮನ್ ಎಂಬ ಸಂಶೋಧಕರು ನೋಡಿದಾಗ ಕಂಡ ಚಿತ್ರ ಇನ್ನೂ ಸರಳ: ಜನರ ಜೊತೆ ಮುಖಾಮುಖಿ ಏಗಬೇಕಾದ ಕೆಲಸಗಳಲ್ಲಿ ಈ ಸಾಮರ್ಥ್ಯ ಉಪಯೋಗಕ್ಕೆ ಬರುತ್ತದೆ, ಒಬ್ಬರೇ ಕೂತು ಮಾಡುವ ಕೆಲಸಗಳಲ್ಲಿ ಅಷ್ಟಾಗಿ ಇಲ್ಲ. ಇಡೀ ದಿನ 38 ಜನರ ನಡುವೆ ನಿಂತು ಮಾಡುವ ನಿಮ್ಮ ಕೆಲಸಕ್ಕಿಂತ ಹೆಚ್ಚಾಗಿ ಇದು ಬೇಕಾದ ಜಾಗ ನನಗೆ ಬೇಗ ನೆನಪಾಗುವುದಿಲ್ಲ. ಎ.ಸಿ. ಆಫೀಸಿನಲ್ಲಿ ಸಿಟ್ಟು ಬಂದರೆ ಇಮೇಲ್ ಅನ್ನು ಅರ್ಧ ಗಂಟೆ ತಡೆದು ಕಳಿಸಬಹುದು. ನಿಮಗೆ ಅರ್ಧ ನಿಮಿಷವೂ ಸಿಗುವುದಿಲ್ಲ.

ಹಾಗಾದರೆ ಆ ಎರಡು ದಿನ ಪ್ರೊಡಕ್ಷನ್ ಯಾಕೆ ಬಿತ್ತು? ಒಳಗೆ ಕುದಿಯುತ್ತಿದ್ದಾಗ ಮೇಲೆ ನಗು ಹಚ್ಚಿಕೊಂಡಿದ್ದಿರಿ. ಭಾವನೆಯನ್ನು ಹೀಗೆ ಮುಖದಲ್ಲಿ ಮುಚ್ಚಿಟ್ಟರೆ ಏನಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಒಳಗಿನ ಸಂಕಟ ಕಡಿಮೆಯಾಗುವುದಿಲ್ಲ, ದೇಹದ ಒತ್ತಡ ಏರುತ್ತದೆ, ಆ ಹೊತ್ತಿನಲ್ಲಿ ಕೇಳಿದ್ದು ನೋಡಿದ್ದು ಸರಿಯಾಗಿ ನೆನಪಿನಲ್ಲಿ ನಿಲ್ಲುವುದಿಲ್ಲ. ಎದುರು ಕೂತವರ ರಕ್ತದೊತ್ತಡ ಕೂಡ ಏರಿದ್ದು 2003ರ ಒಂದು ಪ್ರಯೋಗದಲ್ಲಿ ಕಂಡಿದೆ. ನಿಮ್ಮ ಗಮನವೆಲ್ಲ ನಿಮ್ಮ ಮುಖದ ಮೇಲೇ ಇತ್ತು. ಯಾವ ಮೆಷಿನ್ ಮುಂದೆ ಹೊಲಿಯಬೇಕಾದ ಬಟ್ಟೆಯ ಬಂಡಲ್ ಗುಡ್ಡೆ ಬಿದ್ದಿದೆ ಎಂದು ನೋಡುವ ಕಣ್ಣು ಬಿಡುವಾಗಿರಲಿಲ್ಲ. ಟೈಲರ್‌ಗಳಿಗೂ ಅದು ಸುಳ್ಳು ನಗು ಎಂದು ಗೊತ್ತಾಗಿರುತ್ತದೆ, ಒಂಬತ್ತು ವರ್ಷ ಅವರ ಪಕ್ಕದಲ್ಲೇ ಕೂತಿದ್ದವರು ನೀವು.

ಇನ್ನು ಮ್ಯಾನೇಜರ್ ಹೇಳುವ "ತಲೆ ಮೇಲೆ ಕೂರ್ತಾರೆ" ಎಂಬ ಮಾತು. ಅದರಲ್ಲಿ ಚೂರು ನಿಜ ಇದೆ, ಅದಕ್ಕೇ ಅದು ಬದುಕಿ ಉಳಿದಿರುವುದು. ಕಿರುಚಿದ ಮುಂದಿನ ಇಪ್ಪತ್ತು ನಿಮಿಷ ಕೈಗಳು ವೇಗವಾಗಿ ಓಡುತ್ತವೆ, ಅದು ಬೋರ್ಡಿನಲ್ಲಿ ಕಾಣುತ್ತದೆ. ಕಾಣದೆ ಹೋಗುವುದು ಆಮೇಲಿನದ್ದು. ನಿಮ್ಮ ಗೆಳತಿಯ ಮೆಷಿನ್ನನ್ನೇ ತೆಗೆದುಕೊಳ್ಳಿ. ಕಾಲರ್ ಕೂರಿಸುವಾಗ ಎಡಗೈ ಬಾಡಿಯ ಕುತ್ತಿಗೆ ಸುತ್ತನ್ನು ತಿರುಗಿಸುತ್ತಾ ಬರಬೇಕು, ಬಲಗೈ ಕಾಲರಿನ ನಾಚ್ ಅನ್ನು, ಅಂದರೆ ಗುರುತಿನ ಕಚ್ಚನ್ನು, ಭುಜದ ಹೊಲಿಗೆಗೆ ಹೊಂದಿಸಬೇಕು, ಕಾಲು ಪೆಡಲಿನ ಮೇಲೆ ಹಗುರವಾಗಿರಬೇಕು. ಬೆನ್ನ ಹಿಂದಿನಿಂದ ಬೈಗುಳ ಬಿದ್ದಾಗ ಮೊದಲು ಬಿಗಿಯಾಗುವುದು ಭುಜ ಮತ್ತು ಕಾಲು. ಪೆಡಲ್ ಒತ್ತಿ ಹೋಗುತ್ತದೆ, ಬಟ್ಟೆ ಎಳೆದಂತಾಗಿ ಸೂಜಿ ಬಾಗುತ್ತದೆ, ಪಟ್ ಎಂದು ಮುರಿಯುತ್ತದೆ. ಮುರಿದ ಸೂಜಿಯ ಎಲ್ಲ ಚೂರುಗಳೂ ಸಿಕ್ಕು, ರಿಜಿಸ್ಟರಿಗೆ ಅಂಟಿ, ಸಹಿ ಬೀಳುವವರೆಗೆ ಹೊಸ ಸೂಜಿ ಇಲ್ಲ. ಒಂದು ಚೂರು ಸಿಗದಿದ್ದರೆ ಆ ಬಂಡಲ್ ಪೂರ್ತಿ ಪಕ್ಕಕ್ಕೆ. ಇಪ್ಪತ್ತು ನಿಮಿಷದ ಲಾಭ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ದುಬಾರಿಯಾದದ್ದು ಮುಚ್ಚಿಡುವುದು. ಬೈಸಿಕೊಂಡ ಟೈಲರ್ ತನ್ನ ಕೈಯಲ್ಲಿ ಕೆಟ್ಟ ಪೀಸನ್ನು ಎತ್ತಿ ತೋರಿಸುವುದಿಲ್ಲ, ಬಂಡಲಿನ ನಡುವೆ ತುರುಕಿ ಮುಂದೆ ತಳ್ಳುತ್ತಾಳೆ. ಲೈನಿನ ಕೊನೆಯ ಚೆಕಿಂಗಿನಲ್ಲಿ ಅದು ಹೊರಬೀಳುವ ಹೊತ್ತಿಗೆ ಅದೇ ತಪ್ಪಿನ ಐವತ್ತು ಪೀಸ್ ಬಿಚ್ಚಿ ಹೊಲಿಯಲು ಕಾದಿರುತ್ತವೆ. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಲೆಕ್ಕ ಹಾಕಲು ಹೋದ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿಗೆ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ಕಂಡವು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆದರದೆ ಹೇಳಿಕೊಳ್ಳುತ್ತಿದ್ದರು. ಹೊಲಿಗೆ ಲೈನಿನಲ್ಲೂ ಹಾಗೇ. "ಮೇಡಂ, ಈ ಬಂಡಲಲ್ಲಿ ಶೇಡ್ ಬೇರೆ ಬರ್ತಿದೆ" ಎಂದು ಮೂರನೇ ಪೀಸಿನಲ್ಲಿ ಕೈ ಎತ್ತುವ ಟೈಲರ್ ಇದ್ದರೆ ನಿಮ್ಮ ಅರ್ಧ ದಿನ ಉಳಿಯಿತು.

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲೇ ನಡೆದ ಒಂದು ಅಧ್ಯಯನದ ವಿಷಯ ನಿಮಗೆ ತಿಳಿದಿರಬೇಕು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ ನ್ಯಷದಂ ಎಂಬ ಅರ್ಥಶಾಸ್ತ್ರಜ್ಞರು, ಮಾತುಕತೆ, ಒತ್ತಡ ನಿಭಾಯಿಸುವುದು, ಸಮಯ ಹೊಂದಿಸಿಕೊಳ್ಳುವುದು ಮುಂತಾದ ಕೌಶಲಗಳ ತರಬೇತಿ ಸಿಕ್ಕ ಮತ್ತು ಸಿಗದ ಮಹಿಳಾ ಕಾರ್ಮಿಕರನ್ನು ಹೋಲಿಸಿ ನೋಡಿದರು. ಅದು ಒಂದು ದಿನದ ತರಬೇತಿಯಲ್ಲ, ತಿಂಗಳುಗಟ್ಟಲೆ ನಡೆದದ್ದು. ತರಬೇತಿ ಸಿಕ್ಕವರ ಉತ್ಪಾದನೆ ಶೇ 13.5ರಷ್ಟು ಹೆಚ್ಚಿತ್ತು. ಹಾಗಾಗಿ "ಇದು ಹುಟ್ಟುಗುಣ, ಕಲಿಯಲಾಗದು" ಎನ್ನುವುದು ನಿಜವಲ್ಲ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಹೇಳಲೇಬೇಕು: ಅವರ ಸಂಬಳ ಏರಿದ್ದು ಬರೀ ಶೇ 0.5. ಲಾಭ ಹೆಚ್ಚುಕಮ್ಮಿ ಎಲ್ಲವೂ ಕಂಪನಿಗೆ ಹೋಯಿತು. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಸಂಬಳ, ರಜ, ಗಾಳಿ, ನೀರು ಇವುಗಳ ಜಾಗದಲ್ಲಿ ಒಳ್ಳೆಯ ಮಾತು ಕೊಟ್ಟು ಮುಗಿಸುವ ಆಡಳಿತ ಭಾವನೆಗಳ ಬಗ್ಗೆ ಏನೂ ಕಲಿತಿಲ್ಲ. ನೀವು ಕಲಿಯಬೇಕಾದದ್ದು ನಿಮಗಾಗಿ ಮತ್ತು ಆ 38 ಜನರಿಗಾಗಿ.

ಟಾರ್ಗೆಟ್ಟಿನ ಲೆಕ್ಕ

ಭಾವನೆಯ ಪ್ರಶ್ನೆಗೆ ಲೆಕ್ಕದ ಉತ್ತರವೇ ಎಂದು ಅನ್ನಿಸಬಹುದು. ಆದರೆ 11 ಗಂಟೆಯ ನಿಮ್ಮ ಸಿಟ್ಟಿನ ಬೇರು ಇರುವುದು ಇಲ್ಲೇ.

ಒಂದು ಶರ್ಟ್ ಹೊಲಿಯಲು ಬೇಕಾದ ಒಟ್ಟು ನಿಮಿಷ, ಐ.ಇ. (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಸ್ಯಾಮ್ ಎನ್ನುತ್ತಾರಲ್ಲ, ಅದನ್ನು ನೀವು ಬರೆದಿಲ್ಲ. 20 ಎಂದಿಟ್ಟುಕೊಳ್ಳೋಣ. 38 ಜನ ಗಂಟೆಗೆ 60 ನಿಮಿಷದಂತೆ 2,280 ನಿಮಿಷ. ಅದನ್ನು 20ರಿಂದ ಭಾಗಿಸಿದರೆ 114 ಪೀಸ್, ಅದು ನೂರಕ್ಕೆ ನೂರು ಎಫಿಶಿಯೆನ್ಸಿಗೆ. ನಿಮ್ಮ 90 ಪೀಸ್ ಎಂದರೆ ಸುಮಾರು ಶೇ 79. ಈಗ ನಾಲ್ಕು ಜನ ಬಂದಿಲ್ಲ. 34 ಜನಕ್ಕೆ ನೂರಕ್ಕೆ ನೂರು ಅಂದರೆ 102 ಪೀಸ್, ಅದೇ ಶೇ 79ಕ್ಕೆ 80. ಅಂದರೆ ಎಲ್ಲರೂ ಎಂದಿನಷ್ಟೇ ಚೆನ್ನಾಗಿ ಹೊಲಿದರೂ ಗಂಟೆಗೆ 10 ಪೀಸ್ ಕಡಿಮೆ ಬಂದೇ ಬರುತ್ತದೆ. 9ಕ್ಕೆ ಶುರುವಾದ ಲೈನ್ 11ರ ಹೊತ್ತಿಗೆ 20 ಪೀಸ್ ಹಿಂದೆ ಇರುತ್ತದೆ. ಯಾರ ಸೋಮಾರಿತನವೂ ಇಲ್ಲ. ನಿಮ್ಮನ್ನು ಬೈದದ್ದು ಬೆಳಿಗ್ಗೆ 9ಕ್ಕೇ ಗೊತ್ತಿದ್ದ ಒಂದು ಕಳೆಯುವ ಲೆಕ್ಕಕ್ಕೆ.

ಆದ್ದರಿಂದ ಮೊದಲ ಹೆಜ್ಜೆ 11ಕ್ಕಲ್ಲ, 9ಕ್ಕೆ. ಹಾಜರಾತಿ ಎಣಿಸಿದ ಕೂಡಲೇ ನಿಮ್ಮ ಶರ್ಟಿನ ನಿಜವಾದ ಸ್ಯಾಮ್ ಇಟ್ಟುಕೊಂಡು ಈ ಲೆಕ್ಕ ಮಾಡಿ. ಯಾವ ಆಪರೇಷನ್‌ನವರು ಬಂದಿಲ್ಲ ಎಂಬುದು ಎಷ್ಟು ಜನ ಬಂದಿಲ್ಲ ಎಂಬುದಕ್ಕಿಂತ ಮುಖ್ಯ. ಬಟನ್ ಕಡೆಯವರು ಇಲ್ಲದಿದ್ದರೆ ಮಧ್ಯಾಹ್ನದವರೆಗೆ ತಡೆದುಕೊಳ್ಳಬಹುದು, ಕಾಲರಿನವರೋ ತೋಳು ಕೂರಿಸುವವರೋ ಇಲ್ಲದಿದ್ದರೆ ಹತ್ತು ಗಂಟೆಗೇ ಲೈನ್ ಕಟ್ಟಿಕೊಳ್ಳುತ್ತದೆ. ಮ್ಯಾನೇಜರ್ ಕೆಳಗೆ ಬಂದು ಕೇಳುವ ಮೊದಲೇ ಅವರಿಗೆ ಹೇಳಿ, ಒಬ್ಬ ಫ್ಲೋಟರ್ (ಬರದವರ ಜಾಗದಲ್ಲಿ ಕೂರಿಸುವ ಟೈಲರ್) ಕೇಳಿ, ಮೂರು ವಾಕ್ಯ ಸಾಕು:

"ಸರ್, ಇವತ್ತು ನಾಲ್ಕು ಜನ ಇಲ್ಲ, ಅದರಲ್ಲಿ ಒಬ್ಬರು ಕಾಲರ್. ಈಗಿರೋ ಜನಕ್ಕೆ ಗಂಟೆಗೆ 80 ಬರುತ್ತೆ. ಕಾಲರಿಗೆ ಒಬ್ಬ ಫ್ಲೋಟರ್ ಕೊಟ್ರೆ ಲೈನ್ ನಿಲ್ಲದ ಹಾಗೆ ನೋಡ್ಕೋತೀನಿ."

ಇದರಲ್ಲಿ ಅಳಲು ಇಲ್ಲ, ನೆಪ ಇಲ್ಲ, ಒಂದು ಅಂಕಿ ಮತ್ತು ಒಂದು ಬೇಡಿಕೆ ಇದೆ. ಮೊದಲ ಸಲವೇ ಅವರು ಒಪ್ಪುತ್ತಾರೆ ಎಂದಲ್ಲ. "ಅದೆಲ್ಲ ಗೊತ್ತಿಲ್ಲ, 90 ಬೇಕು" ಎಂದೇ ಹೇಳಬಹುದು. ಅವರ ತಲೆಯ ಮೇಲೂ ಶಿಪ್‌ಮೆಂಟ್ ತಾರೀಖು ಹಿಡಿದುಕೊಂಡು ಯಾರೋ ಕೂತಿರುತ್ತಾರೆ. ಆದರೆ 9ಕ್ಕೆ ಕೇಳಿದ ಅಂಕಿಯೇ 11ಕ್ಕೆ ಬೋರ್ಡಿನಲ್ಲಿ ಕಂಡಾಗ ಅದು ಆಘಾತವಾಗಿ ಬರುವುದಿಲ್ಲ. ಬೈಗುಳದ ಬಿಸಿ ಅಷ್ಟರಮಟ್ಟಿಗೆ ಇಳಿಯುತ್ತದೆ.

ಬೈಸಿಕೊಂಡ ಮೇಲಿನ ಎರಡು ನಿಮಿಷ

ನಿಮ್ಮ ಪತ್ರದಲ್ಲಿ ಸಿಟ್ಟು ಎಂಬ ಒಂದೇ ಪದವಿದೆ. ಕನ್ನಡದಲ್ಲಿ ನಮಗೆ ಪದಗಳಿಗೆ ಬರವಿಲ್ಲ: ಸಿಟ್ಟು, ಮುನಿಸು, ರೇಗು, ಕಿರಿಕಿರಿ, ಅವಮಾನ, ಹೆದರಿಕೆ, ಉರಿ, ದಿಗಿಲು, ಹತಾಶೆ. ಮ್ಯಾನೇಜರ್ ಎದುರು ನಿಂತಾಗ ನಿಮಗೆ ಆಗುವುದು ಇದರಲ್ಲಿ ಯಾವುದು? ಎಲ್ಲರೆದುರು ಬೈಸಿಕೊಂಡದ್ದು ಅವಮಾನ. ಸೂಪರ್‌ವೈಸರ್ ಕೆಲಸ ಹೋಗುತ್ತದೇನೋ ಎಂಬುದು ದಿಗಿಲು. ಅವೆರಡೂ ಲೈನಿಗೆ ನಡೆದು ಬರುವ ಮೂವತ್ತು ಹೆಜ್ಜೆಯಲ್ಲಿ ಸಿಟ್ಟಿನ ವೇಷ ಹಾಕಿಕೊಳ್ಳುತ್ತವೆ. ಭಾವನೆಗೆ ಸರಿಯಾದ ಹೆಸರು ಕೊಟ್ಟಾಗ ಮಿದುಳಿನ ಅಪಾಯದ ಗಂಟೆಯಂತಿರುವ ಅಮಿಗ್ಡಲಾ ಭಾಗದ ಚಟುವಟಿಕೆ ಇಳಿಯುತ್ತದೆ ಎಂದು 2007ರ ಒಂದು ಪ್ರಯೋಗ ತೋರಿಸಿದೆ. "ನನಗೀಗ ಅವಮಾನ ಆಗಿದೆ" ಎಂದು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುವುದು ಸಣ್ಣ ವಿಷಯದಂತೆ ಕಂಡರೂ, ಅವಮಾನ ಮಾಡಿದವರು ಕಾಲರ್ ಮೆಷಿನ್ ಮುಂದೆ ಕೂತಿಲ್ಲ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಅದರ ಜೊತೆಗೆ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಬೈಸಿಕೊಂಡ ಜಾಗದಿಂದ ನೇರವಾಗಿ ಯಾವ ಟೈಲರ್ ಹತ್ತಿರವೂ ಹೋಗಬಾರದು. ಕುಡಿಯುವ ನೀರಿನ ಕಡೆ ಹೋಗಿ. ಅರ್ಧ ಲೋಟ ನೀರು ಕುಡಿದು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ, ಐದಾರು ಸಲ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಟ್ರೈನಿಂಗಿನಲ್ಲಿ ಹೇಳಿದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಇದು. ಆಮೇಲೆ ಲೈನಿನ ತುದಿಯಿಂದ, ಚೆಕಿಂಗ್ ಕಡೆಯಿಂದ ಹಿಂದಕ್ಕೆ ನಡೆದು ಬನ್ನಿ. ಹಾಗೆ ಬಂದರೆ ಬಂಡಲ್ ಎಲ್ಲಿ ನಿಂತಿದೆ ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ, ಯಾರು ಕೂತಿದ್ದಾರೆ ಎಂಬುದು ಆಮೇಲೆ.

ಮೆಷಿನ್ ಪಕ್ಕದಲ್ಲಿ

ಹೊಲಿಗೆ ಫ್ಲೋರಿನಲ್ಲಿ ದನಿ ಏರಿಸದೆ ವಿಧಿಯಿಲ್ಲ, ಮೆಷಿನ್ ಸದ್ದೇ ಅಷ್ಟು. ಏರಿದ ದನಿಯೂ ಬೈಗುಳವೂ ಒಂದೇ ಅಲ್ಲ, ಆದರೆ ದೂರದಿಂದ ಎರಡೂ ಒಂದೇ ಥರ ಕೇಳುತ್ತವೆ. ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗಿಯರು ನಿಮ್ಮ ಲೈನಿನಲ್ಲಿದ್ದರೆ ಅವರಿಗೆ ನಿಮ್ಮ ಮಾತು ಅರ್ಥವಾಗುವುದೇ ಇಲ್ಲ, ದನಿ ಮಾತ್ರ ತಲುಪುತ್ತದೆ. ಅದಕ್ಕೆ ಹತ್ತಿರ ಹೋಗಿ. ಬೆನ್ನ ಹಿಂದಿನಿಂದ ಬೇಡ, ಪಕ್ಕದಿಂದ. ಟೇಬಲ್ ಮೇಲೆ ಕೈಯಿಟ್ಟು, ಅವರು ಹಿಡಿದ ಹೊಲಿಗೆ ಮುಗಿಸಿ ಪೆಡಲಿನಿಂದ ಕಾಲು ತೆಗೆಯುವವರೆಗೆ ಕಾಯಿರಿ. ಸ್ವಲ್ಪ ಬಗ್ಗಿ, ಮುಖದ ಮಟ್ಟಕ್ಕೆ ಬಂದು ಮಾತಾಡಿ. ಮಾತು ಪೀಸಿನ ಬಗ್ಗೆ ಇರಲಿ, ಕೈಯಲ್ಲಿ ಆ ಪೀಸ್ ಹಿಡಿದಿರಿ.

"ಯಾಕೆ" ಎಂದು ಕೇಳಬೇಡಿ. "ಯಾಕೆ ಲೇಟು?" ಎಂದರೆ ನಮ್ಮ ಕಿವಿಗೆ ಅದು ಪ್ರಶ್ನೆಯಲ್ಲ, ಆಪಾದನೆ. ಉತ್ತರವಾಗಿ ನೆಪ ಬರುತ್ತದೆ. "ಎಲ್ಲಿ ಸಿಕ್ಕಾಕೊಳ್ತಿದೆ? ತೋರ್ಸಿ" ಎಂದರೆ ಮಾಹಿತಿ ಬರುತ್ತದೆ: ಕಾಲರ್ ಅಳತೆಯೇ ದೊಡ್ಡದಾಗಿ ಬರುತ್ತಿದೆ, ದಾರ ಪದೇ ಪದೇ ಕಡಿಯುತ್ತಿದೆ, ಹಿಂದಿನವರು ಭುಜದ ಹೊಲಿಗೆ ಓರೆ ಹಾಕಿ ಕಳಿಸುತ್ತಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಮೆಕ್ಯಾನಿಕ್‌ನೋ ಹಿಂದಿನ ಆಪರೇಷನ್ನೋ ಸರಿಪಡಿಸಬೇಕಾದವು, ಬೈದರೆ ಸರಿಹೋಗುವಂಥವಲ್ಲ.

ಏಕವಚನದ ವಿಷಯ ಬೇರೆಯಾಗಿ ಹೇಳಬೇಕು. ಟೈಲರ್ ಆಗಿದ್ದಾಗ ನೀವು ಗೆಳತಿಯನ್ನು "ನೀನು, ಬಾರೇ, ಹೋಗೇ" ಎನ್ನುತ್ತಿದ್ದಿರಿ, ಅವಳೂ ಹಾಗೇ ಅನ್ನುತ್ತಿದ್ದಳು. ಅದು ಸಲಿಗೆ, ಎರಡೂ ಕಡೆಯಿಂದ ಹರಿಯುತ್ತಿತ್ತು. ಈಗ ಅವಳು ನಿಮ್ಮನ್ನು ಎಲ್ಲರೆದುರು "ಬಾರೇ" ಎನ್ನಲಾರಳು, ನೀವು ಮಾತ್ರ ಅನ್ನಬಲ್ಲಿರಿ. ಆ ಕ್ಷಣಕ್ಕೆ ಅದೇ ಪದ ಸಲಿಗೆಯಿಂದ ಸಸಾರಕ್ಕೆ ಇಳಿಯುತ್ತದೆ. ನೀವು ಬದಲಾಗಿಲ್ಲ, ಪದದ ತೂಕ ಬದಲಾಗಿದೆ. ಲೈನಿನಲ್ಲಿರುವಾಗ ಎಲ್ಲರಿಗೂ ಬಹುವಚನ ಬಳಸಿ, ಹಿರಿಯರಿಗೆ "ಅಕ್ಕ" ಸೇರಿಸಿ. ಕಿರಿಯ ಹೆಲ್ಪರ್ ಹುಡುಗಿಗೂ "ಬನ್ನಿ" ಎಂದರೆ ನಿಮ್ಮ ಅಧಿಕಾರ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಊಟದ ಹೊತ್ತಿನ ಸಲಿಗೆ ಊಟಕ್ಕಿರಲಿ.

ಗೆಳತಿ

ಎಲ್ಲರೆದುರು ಆದ ಅವಮಾನವನ್ನು ಮೂಲೆಯಲ್ಲಿ ಕ್ಷಮೆ ಕೇಳಿ ತೊಳೆಯಲಾಗುವುದಿಲ್ಲ. ಮೊದಲು ಅವಳೊಬ್ಬಳ ಹತ್ತಿರವೇ ಹೇಳಿ, ಆಮೇಲೆ ಅವಳು ಒಪ್ಪಿದರೆ ಬೆಳಗಿನ ಐದು ನಿಮಿಷದ ಮಾತಿನಲ್ಲಿ ಲೈನಿನೆದುರೂ ಹೇಳಿ. ಉದ್ದ ಬೇಡ. "ಅವತ್ತು ನಾನು ಅಂದ ಮಾತು ತಪ್ಪು. ಯಾರಿಗೂ ಅನ್ನಬಾರದ ಮಾತು ಅದು. ಇನ್ನು ಅನ್ನಲ್ಲ." ಇಷ್ಟೇ. "ಆದ್ರೆ ನಂಗೂ ಟೆನ್ಷನ್ ಇತ್ತು" ಎಂಬ ಬಾಲ ಸೇರಿಸಿದರೆ ಕ್ಷಮೆ ಸಮಜಾಯಿಷಿ ಆಗಿಬಿಡುತ್ತದೆ. ಅಂಗಾಂಗದ ಊನ, ಕಾಯಿಲೆ, ಜಾತಿ, ಊರು, ಮನೆಯ ಸ್ಥಿತಿ ಇವುಗಳನ್ನು ಎಳೆತರುವ ಬೈಗುಳ ಕೆಲಸದ ಬೈಗುಳವೇ ಅಲ್ಲ ಎಂಬುದು ಇದರಿಂದ ಇಡೀ ಲೈನಿಗೆ ತಿಳಿಯುತ್ತದೆ.

ಆಮೇಲೆ ಕಾಯಬೇಕು. ಅವಳು ಮಾತಾಡಲೇಬೇಕು ಎಂದು ಒತ್ತಾಯಿಸಬೇಡಿ. ಸಮಾಧಾನ ಮಾಡಲೆಂದು ಸುಲಭದ ಆಪರೇಷನ್ ಕೊಡುವುದು, ಬೇಗ ಗೇಟ್ ಪಾಸ್ ಬರೆಯುವುದು ಖಂಡಿತ ಬೇಡ. ಉಳಿದ 37 ಜನ ಅದನ್ನು ನೋಡುತ್ತಾರೆ, ಅವಳಿಗೂ ಅದು ಇನ್ನೊಂದು ಬಗೆಯ ಮುಜುಗರ. ಹಳೆಯ ಸ್ನೇಹ ಪೂರ್ತಿ ಮರಳದೆಯೂ ಇರಬಹುದು. ಬಡ್ತಿ ಕೆಲವೊಮ್ಮೆ ಆ ಬೆಲೆ ಕೇಳುತ್ತದೆ. ಕೆಲಸದ ಮಟ್ಟಿಗೆ ಮಾತು ಮರಳಿದರೂ ಅದು ದೊಡ್ಡದು.

ಬೇಕಂತಲೇ ನಿಧಾನ ಮಾಡುವವರು

ಇಂಥವರೂ ಇರುತ್ತಾರೆ, ಇಲ್ಲ ಎಂದರೆ ನೀವು ನಂಬುವುದಿಲ್ಲ. ಆದರೆ ಆ ಹಣೆಪಟ್ಟಿ ಹಚ್ಚುವ ಮೊದಲು ಮೂರು ದಿನ ಅವರ ಗಂಟೆಗಂಟೆಯ ಪೀಸ್ ಬರೆದುಕೊಳ್ಳಿ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಬಿದ್ದರೆ ಸುಸ್ತೋ ಸೆಖೆಯೋ ಇರಬಹುದು. ಬೆಂಗಳೂರಿನ ಗಾರ್ಮೆಂಟ್ ಫ್ಲೋರ್‌ಗಳಲ್ಲಿ ಕಡಿಮೆ ಶಾಖ ಬಿಡುವ ಎಲ್.ಇ.ಡಿ. ದೀಪ ಹಾಕಿದ ಮೇಲೆ ಬಿಸಿ ದಿನಗಳಲ್ಲಿ ಉತ್ಪಾದನೆ ಬೀಳುವುದು ಕಡಿಮೆಯಾಯಿತು ಎಂದು ಅದೇ ಮೂವರು ಸಂಶೋಧಕರು ದಾಖಲಿಸಿದ್ದಾರೆ. ಸೆಖೆಗೆ ಸೋಮಾರಿತನ ಎಂದು ಹೆಸರಿಟ್ಟರೆ ನಷ್ಟ ನಿಮಗೇ. ನೀರು ಕುಡಿಯಲೂ ಟಾಯ್ಲೆಟ್ಟಿಗೂ ಎದ್ದು ಹೋಗಲು ಹೆದರುವ ಲೈನಿನಲ್ಲಿ ಮಧ್ಯಾಹ್ನದ ತಲೆನೋವು, ಹೊಟ್ಟೆನೋವು ಇದ್ದೇ ಇರುತ್ತದೆ.

ಎಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಪಕ್ಕಕ್ಕೆ ಕರೆದು ನೇರವಾಗಿ ಹೇಳಿ: "ಮೂರು ದಿನದಿಂದ ಗಂಟೆಗೆ 30 ಬರ್ತಿದೆ, ಹೋದ ವಾರ 42 ಇತ್ತು. ನಿಮ್ಮಿಂದ ತೋಳಿನವರು ಖಾಲಿ ಕೂರ್ತಿದ್ದಾರೆ. ಏನಾದ್ರೂ ತೊಂದ್ರೆ ಇದ್ರೆ ಈಗ ಹೇಳಿ. ಇಲ್ಲಾಂದ್ರೆ ನಾಳೆ 38, ನಾಡಿದ್ದು 42 ಆಗ್ಬೇಕು." ಅಂಕಿ, ಪರಿಣಾಮ, ಕೇಳುವ ಅವಕಾಶ, ಗಡುವು. ಬದಲಾಗದಿದ್ದರೆ ಬರವಣಿಗೆಯಲ್ಲಿ ಇನ್‌ಚಾರ್ಜ್‌ಗೆ. ಕಷ್ಟ ಅರ್ಥವಾಯಿತು ಎಂದಮಾತ್ರಕ್ಕೆ ಕೇಳಿದ್ದನ್ನೆಲ್ಲ ಕೊಡಬೇಕಿಲ್ಲ. "ನಿಮ್ಮ ಕಷ್ಟ ತಿಳೀತು, ಆದ್ರೂ ಇವತ್ತು ಗೇಟ್ ಪಾಸ್ ಕೊಡಕ್ಕಾಗಲ್ಲ" ಎಂದು ಮೆಲುದನಿಯಲ್ಲಿ ಹೇಳಿ ಅದಕ್ಕೇ ನಿಲ್ಲುವುದು, ಕಿರುಚಿ ಆಮೇಲೆ ಪಾಸ್ ಬರೆದುಕೊಡುವುದಕ್ಕಿಂತ ಎಷ್ಟೋ ಗಟ್ಟಿ. ಕಿರುಚಾಡುವ ಸೂಪರ್‌ವೈಸರ್‌ಗಳಲ್ಲಿ ಹೆಚ್ಚಿನವರು "ಇಲ್ಲ" ಎಂದು ಹೇಳಿ ಅಲ್ಲೇ ನಿಲ್ಲಲಾರದವರು.

ಇದರ ಅಪಾಯವನ್ನೂ ತಿಳಿದಿರಿ. ಕೇಳುವವರು ಸಿಕ್ಕಾಗ ಜನ ಹೇಳಿಕೊಳ್ಳುತ್ತಾರೆ: ಕುಡುಕ ಗಂಡ, ಸಾಲದ ಸಂಘದವರ ಕಾಟ, ಮಗುವಿನ ಜ್ವರ. ಎಲ್ಲವನ್ನೂ ನೀವು ಹೊತ್ತರೆ ಮೂರು ತಿಂಗಳಲ್ಲಿ ಕುಸಿಯುತ್ತೀರಿ. ಕೇಳಿ, ಮುಂದಿನ ಬಾಗಿಲು ತೋರಿಸಿ, ಅಲ್ಲಿಗೆ ಬಿಡಿ. ಮನಸ್ಸು ತೀರ ಕುಗ್ಗಿದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಯಾರಾದರೂ ಲೈಂಗಿಕ ಕಿರುಕುಳದ ಮಾತು ಎತ್ತಿದರೆ "ಅಡ್ಜಸ್ಟ್ ಮಾಡ್ಕೊ" ಎಂಬ ಪದ ನಿಮ್ಮ ಬಾಯಿಂದ ಬರಕೂಡದು. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಅವಧಿ, ದಿನ ತಳ್ಳಿದಷ್ಟೂ ನಷ್ಟ ಆಕೆಗೆ.

ವಾಪಸ್ ಟೈಲರ್ ಆಗಬೇಕೇ?

ಅದು ಸೋಲಲ್ಲ. ಆದರೆ ಈಗ, ಈ ಸ್ಥಿತಿಯಲ್ಲಿ ತೀರ್ಮಾನಿಸಬೇಡಿ. ಮೊದಲು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆಯಿರಿ: ಗಂಟೆ, ಹಾಜರಿದ್ದವರು, ಆ ಹಾಜರಾತಿಗೆ ಬರಬೇಕಾದ ಪೀಸ್, ಬಂದ ಪೀಸ್, ಎಲ್ಲಿ ನಿಂತಿತು, ನಾನು ಕಿರುಚಿದೆನೇ. ಕೊನೆಯ ಕಲಂನಲ್ಲಿ ಹೌದು ಅಥವಾ ಇಲ್ಲ ಸಾಕು. ಹೊಸ ಸ್ಟೈಲ್, ಅಂದರೆ ಬೇರೆ ಮಾದರಿಯ ಶರ್ಟ್, ಶುರುವಾದ ಮೊದಲ ಕೆಲವು ದಿನ ಲೆಕ್ಕಕ್ಕೆ ಹಿಡಿಯಬೇಡಿ, ಆಗ ಕೈ ಕೂರದೆ ಎಲ್ಲ ಲೈನೂ ಬೀಳುತ್ತದೆ. ಎರಡು ವಾರದ ಕೊನೆಗೆ ನಿಮ್ಮ "ಹೌದು"ಗಳು ಎಲ್ಲಿ ಗುಂಪುಗೂಡಿವೆ ಎಂದು ನೋಡಿ. ಮ್ಯಾನೇಜರ್ ಬಂದುಹೋದ ಮೇಲೆಯೇ ಇದ್ದರೆ ಮೇಲೆ ಹೇಳಿದ ಎರಡು ನಿಮಿಷದ ಅಭ್ಯಾಸ ಅದಕ್ಕೇ. ಊಟಕ್ಕೆ ಮುಂಚಿನ ಗಂಟೆಯಲ್ಲಿದ್ದರೆ ನೀವು ಬೆಳಿಗ್ಗೆ ತಿಂಡಿ ತಿಂದು ಬರುತ್ತಿದ್ದೀರಾ ಎಂಬುದೇ ಮೊದಲ ಪ್ರಶ್ನೆ. ಹಾಜರಾತಿ ಕಡಿಮೆಯಿದ್ದ ದಿನಗಳಲ್ಲಿದ್ದರೆ ಆ ಪುಸ್ತಕ ಹಿಡಿದು ಐ.ಇ. ವಿಭಾಗಕ್ಕೆ ಹೋಗಿ, ಫ್ಲೋಟರ್ ಕೇಳಿ.

ಇಷ್ಟಾದ ಮೇಲೂ ಮ್ಯಾನೇಜರ್ ದಿನಾ ಎಲ್ಲರೆದುರು ಹೀನಾಯವಾಗಿ ಬೈಯುವುದು ನಿಲ್ಲದಿದ್ದರೆ ಅದು ನಿಮ್ಮ ಕೌಶಲದ ಕೊರತೆಯಲ್ಲ. ಎಚ್.ಆರ್.ಗೆ ತಾರೀಖು, ಸಮಯ, ಆಡಿದ ಮಾತು ಬರೆದುಕೊಡಬಹುದು. ಇದರಲ್ಲಿ ಅಪಾಯವಿದೆ, ಅವರು ಕಾಡಬಹುದು, ಆದ್ದರಿಂದ ಬೇರೆ ಸೂಪರ್‌ವೈಸರ್‌ಗಳ ಜೊತೆ ಸೇರಿ ಕೊಡುವುದು ಮೇಲು. ಬೇರೆ ಫ್ಲೋರಿಗೆ ವರ್ಗ ಕೇಳುವುದು ಇನ್ನೊಂದು ದಾರಿ, ಹೆಚ್ಚಿನವರಿಗೆ ಇದೇ ಒಗ್ಗುತ್ತದೆ. ಎರಡೂ ಆಗದೆ ಟೈಲರ್ ಕೆಲಸಕ್ಕೇ ಮರಳುವುದಾದರೆ ರಾಜೀನಾಮೆ ಕೊಟ್ಟು ಹೊಸದಾಗಿ ಸೇರಬೇಡಿ. ಒಂಬತ್ತು ವರ್ಷದ ಸರ್ವೀಸ್ ಮುರಿದರೆ ಗ್ರಾಚ್ಯುಟಿಯ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಹುದ್ದೆ ಬದಲಾವಣೆ ಎಂದು ಬರವಣಿಗೆಯಲ್ಲಿ ಪಡೆದು, ಹೊಸ ಸಂಬಳ ಎಷ್ಟೆಂದು ಅದರಲ್ಲೇ ಬರೆಸಿಕೊಳ್ಳಿ.

ಕೊನೆಗೆ ನಿಮ್ಮ ಮಗಳ ಮಾತು. ದಿನವಿಡೀ ಮೆಷಿನ್ ಸದ್ದಿನ ಮೇಲೆ ಮಾತಾಡಿದ ಗಂಟಲು ಮನೆಯ ಮೌನಕ್ಕೆ ಒಮ್ಮೆಲೇ ಇಳಿಯುವುದಿಲ್ಲ, ಎಷ್ಟೋ ಸಲ ನಮಗೆ ನಮ್ಮ ದನಿ ಎಷ್ಟು ದೊಡ್ಡದಾಗಿದೆ ಎಂದು ತಿಳಿಯುವುದೂ ಇಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಟಿ.ವಿ. ಸದ್ದು ಹೆಚ್ಚಿಸಿಕೊಳ್ಳಬೇಕಾಗುತ್ತಿದ್ದರೆ ಇ.ಎಸ್.ಐ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ, ಇದನ್ನು ಮುಂದೂಡಬೇಡಿ. ಮನೆಗೆ ಬಂದ ಮೊದಲ ಹತ್ತು ನಿಮಿಷ ಮಾತಿಲ್ಲದೆ ಕೂರುತ್ತೇನೆ, ಆಮೇಲೆ ನಿನ್ನ ಶಾಲೆಯ ಸುದ್ದಿ ಕೇಳುತ್ತೇನೆ ಎಂದು ಮಗಳಿಗೆ ಮೊದಲೇ ಹೇಳಿಡಿ. ದನಿ ಏರಿದಾಗ ಕೈ ಎತ್ತಿ ತೋರಿಸುವ ಕೆಲಸ ಅವಳಿಗೇ ಕೊಡಿ. ಒಂಬತ್ತು ವರ್ಷದ ಮಕ್ಕಳು ಇಂಥ ಜವಾಬ್ದಾರಿಯನ್ನು ಬಲು ಶ್ರದ್ಧೆಯಿಂದ ಮಾಡುತ್ತಾರೆ.